ಸೊಳ್ಳೆ ಕಚ್ಚೋದು ಹೊಟ್ಟೆಪಾಡಿಗಲ್ಲ

ಮೂಲೆಯಲ್ಲಿ ಮರೆತುಬಿಟ್ಟಿದ್ದ ಒಂದು ಬಕೆಟ್ಟಿನಲ್ಲಿ ಮಳೆನೀರು ನಿಂತಿತ್ತು. ಚೆಲ್ಲೋಣ ಅಂತ ಬಗ್ಗಿದರೆ ನೀರಿನ ತುಂಬ ಸಣ್ಣ ಸಣ್ಣ ಹುಳುಗಳು ಕುಣಿಯುತ್ತಿದ್ದವು. ಏನನ್ನಿಸಿತೋ, ಒಂದು ಲೋಟದಷ್ಟು ನೀರನ್ನು ಹುಳುಗಳ ಸಮೇತ ಗಾಜಿನ ಬಾಟಲಿಗೆ ಹುಯ್ದು, ಬಾಯಿಗೆ ತೆಳ್ಳನೆಯ ಬಟ್ಟೆ ಬಿಗಿಯಾಗಿ ಕಟ್ಟಿ, ಕಿಟಕಿಯ ಹತ್ತಿರ ಇಟ್ಟುಕೊಂಡೆ. ಉಳಿದದ್ದನ್ನು ಚೆಲ್ಲಿ ಬಕೆಟ್ಟನ್ನು ಬೋರಲು ಹಾಕಿದೆ. ಅಲ್ಲಿಗೆ ಬಕೆಟ್ಟಿನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮನೆಯಲ್ಲಿ "ಸೊಳ್ಳೆ ಬೇರೆ ಸಾಕ್ತಿದ್ದೀಯಾ?" ಅಂತ ಬೈಗುಳ ಬಿತ್ತು. ಹೌದು, ಒಂದು ವಾರ ಸಾಕಿದೆ. ಅಲ್ಲಿಯವರೆಗೆ ಸೊಳ್ಳೆ ಬಗ್ಗೆ ನನಗೆ ಗೊತ್ತಿದ್ದುದು ಎರಡೇ ವಿಷಯ, ಅದು ಕಚ್ಚುತ್ತದೆ, ಅದನ್ನು ಹೊಡೆಯಬೇಕು.

ಆ ಹುಳುಗಳೇ ಲಾರ್ವಾ, ಅಂದರೆ ಸೊಳ್ಳೆಯ ಮರಿಗಳು. ಮೊಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ನಾನು ಕಂಡಿದ್ದು ಮೊದಲು ಮರಿಗಳನ್ನೇ. ಬಾಟಲಿಗೆ ಕಣ್ಣು ಆನಿಸಿ ನೋಡಿದರೆ ಎಲ್ಲವೂ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬಾಲದ ತುದಿ ಮಾತ್ರ ನೀರಿನ ಮೇಲ್ಮೈಗೆ ತಾಗಿಕೊಂಡಿರುತ್ತದೆ. ಅಲ್ಲೊಂದು ಪುಟ್ಟ ಕೊಳವೆ ಇದೆ, ಉಸಿರಾಡುವುದು ಅದರಿಂದ. ನೀರಲ್ಲೇ ಹುಟ್ಟಿ ಬೆಳೆದರೂ ಇದಕ್ಕೆ ಹೊರಗಿನ ಗಾಳಿ ಬೇಕು. ಕೈ ಅಡ್ಡ ಹಿಡಿದು ನೆರಳು ಬೀಳಿಸಿದರೆ ಸಾಕು, ಎಲ್ಲವೂ ಒಟ್ಟಿಗೆ ಕೊಂಕುತ್ತ ತಳಕ್ಕೆ ಇಳಿದುಬಿಡುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಮೇಲೆ ಬರುತ್ತವೆ. ಬರಲೇಬೇಕು, ಉಸಿರು ಕಟ್ಟುತ್ತದಲ್ಲ. ನಿಂತ ನೀರಿಗೆ ಎಣ್ಣೆ ಬಿಡುವ ಹಳೇ ಉಪಾಯ ಕೆಲಸ ಮಾಡುವುದು ಇದೇ ಕಾರಣಕ್ಕೆ. ಮೇಲೆ ತೆಳುವಾದ ಪದರ ಹರಡಿಕೊಂಡರೆ ಕೊಳವೆ ಗಾಳಿಗೆ ತೆರೆದುಕೊಳ್ಳುವುದಿಲ್ಲ, ಮರಿ ಸಾಯುತ್ತದೆ.

ಎಲ್ಲಾ ಸೊಳ್ಳೆಯ ಮರಿಯೂ ಹೀಗೆ ನೇತಾಡುವುದಿಲ್ಲ. ನಮಗೆ ಕಾಟ ಕೊಡುವ ಮುಖ್ಯ ಪಂಗಡಗಳು ಮೂರು, ಡೆಂಗಿ ಹರಡುವ ಈಡಿಸ್, ಮಲೇರಿಯಾ ಹರಡುವ ಅನಾಫಿಲಿಸ್, ಆನೆಕಾಲು ರೋಗ ಹರಡುವುದರಲ್ಲಿ ಹೆಸರು ಮಾಡಿರುವ ಕ್ಯುಲೆಕ್ಸ್. ಈಡಿಸ್ ಮತ್ತು ಕ್ಯುಲೆಕ್ಸ್ ಮರಿಗಳಿಗೆ ಕೊಳವೆ ಇದೆ, ಅದಕ್ಕೇ ನೇತಾಡುತ್ತವೆ. ಅನಾಫಿಲಿಸ್‌ಗೆ ಕೊಳವೆ ಇಲ್ಲ, ಅದು ನೀರಿನ ಮೇಲ್ಮೈಗೆ ಅಂಟಿದ ಹಾಗೆ ಅಡ್ಡಡ್ಡ ಮಲಗಿರುತ್ತದೆ. ಹಾಗಾಗಿ ಬರಿಗಣ್ಣಿನಲ್ಲೇ ಇದು ಮಲೇರಿಯಾ ಸೊಳ್ಳೆಯ ಮರಿಯೋ ಅಲ್ಲವೋ ಅಂತ ಸುಮಾರಾಗಿ ಹೇಳಬಹುದು. ನೀರಿನ ಆಯ್ಕೆಯಲ್ಲೂ ಮೂವರಿಗೂ ಬೇರೆ ಬೇರೆ ರುಚಿ. ಕ್ಯುಲೆಕ್ಸ್‌ಗೆ ಚರಂಡಿ, ಕೊಳೆತ ನೀರು ಆದರೂ ನಡೆಯುತ್ತದೆ. ಈಡಿಸ್‌ಗೆ ಡ್ರಮ್ಮು, ಹೂಕುಂಡದ ತಟ್ಟೆ, ಹಳೇ ಟೈರುಗಳಲ್ಲಿ ನಿಂತ ಹೆಚ್ಚೂಕಡಿಮೆ ತಿಳಿನೀರೇ ಇಷ್ಟ. ಒಂದು ಬಾಟಲಿ ಮುಚ್ಚಳದಷ್ಟು ನೀರಿದ್ದರೂ ಸಾಕು. ಆದ್ದರಿಂದ "ನಮ್ಮಲ್ಲಿ ಕೊಳಕು ನೀರೇ ಇಲ್ಲ, ಡೆಂಗಿ ಹೇಗೆ ಬಂತು" ಅನ್ನುವ ಪ್ರಶ್ನೆಯೇ ತಪ್ಪು.

ಮರಿಗಳ ಕೆಲಸ ತಿನ್ನುವುದೊಂದೇ. ಬಾಯಿಯ ಎರಡೂ ಕಡೆ ಇರುವ ಬ್ರಷ್ಷಿನಂಥ ಕೂದಲಿನಿಂದ ನೀರನ್ನು ಬಾಯಿಯ ಕಡೆ ತಳ್ಳುತ್ತ, ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಎಲೆಯ ಚೂರು, ಸಿಕ್ಕಿದ್ದನ್ನೆಲ್ಲ ಸೋಸಿ ತಿನ್ನುತ್ತವೆ. ಈ ಹಸಿವನ್ನೇ ಅವುಗಳ ಮೇಲೆ ತಿರುಗಿಸಬಹುದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು, ಚಿಕ್ಕದಾಗಿ ಬಿಟಿಐ ಅನ್ನುತ್ತಾರೆ. ಅದನ್ನು ನುಂಗಿದ ಮರಿಯ ಕರುಳು ಹಾಳಾಗಿ ಸಾಯುತ್ತದೆ, ಮೀನಿಗೋ ಮನುಷ್ಯರಿಗೋ ಏನೂ ಆಗುವುದಿಲ್ಲ. ಗಪ್ಪಿ, ಗಂಬೂಸಿಯಾ ಮೀನು ಬಿಡುವುದೂ ಈ ಹಂತಕ್ಕೇ. ಇನ್ನೊಂದು ಮಜಾ ಏನೆಂದರೆ, ಟಾಕ್ಸೊರಿಂಕೈಟಿಸ್ ಅಂತ ಒಂದು ದೊಡ್ಡ ಸೊಳ್ಳೆ ಇದೆ. ಅದರ ಮರಿ ಬೇರೆ ಸೊಳ್ಳೆಗಳ ಮರಿಗಳನ್ನೇ ಹಿಡಿದು ತಿನ್ನುತ್ತದೆ, ದೊಡ್ಡದಾದ ಮೇಲೆ ಯಾರನ್ನೂ ಕಚ್ಚುವುದಿಲ್ಲ. ಸೊಳ್ಳೆ ಕುಲದಲ್ಲೂ ಒಳ್ಳೆಯವರಿದ್ದಾರೆ.

ಬೆಳೆಯುತ್ತ ಬೆಳೆಯುತ್ತ ಮರಿ ನಾಲ್ಕು ಸಲ ಪೊರೆ ಬಿಡುತ್ತದೆ. ನಾಲ್ಕನೇ ಸಲ ಪೊರೆಯೊಳಗಿಂದ ಬರುವುದು ಮರಿ ಅಲ್ಲ, ಪ್ಯೂಪಾ. ನನ್ನ ಬಾಟಲಿಯಲ್ಲಿ ಮೂರನೇ ದಿನದ ಹೊತ್ತಿಗೆ ಇಂಥವು ಐದಾರು ಕಂಡವು. ತಲೆ ದಪ್ಪ, ಬಾಲ ಒಳಕ್ಕೆ ಮುದುಡಿದ್ದು, ಥೇಟ್ ಅಲ್ಪವಿರಾಮ ಚಿಹ್ನೆ. ಉಸಿರಾಟದ ಕೊಳವೆ ಬಾಲದಿಂದ ಜಾಗ ಬದಲಿಸಿ ಈಗ ಬೆನ್ನಿನ ಮೇಲೆ ಎರಡು ಕೊಂಬಾಗಿರುತ್ತದೆ. ಚಿಟ್ಟೆಯ ಕೋಶದ ಹಾಗೆ ಇದೂ ಏನನ್ನೂ ತಿನ್ನುವುದಿಲ್ಲ, ಆದರೆ ಸುಮ್ನೆ ನೇತುಬಿದ್ದಿರುವುದೂ ಇಲ್ಲ. ಮುಟ್ಟಲು ಹೋದರೆ ಲಾಗ ಹೊಡೆಯುತ್ತ ಕೆಳಗೆ ಓಡುತ್ತದೆ. ತಿನ್ನುವುದಿಲ್ಲವಾದ್ದರಿಂದ ಬಿಟಿಐ ಇದರ ಮೇಲೆ ನಡೆಯುವುದಿಲ್ಲ, ಎಣ್ಣೆ ನಡೆಯುತ್ತದೆ. ಎರಡು ಮೂರು ದಿನ ಹೀಗೇ. ಅಷ್ಟರೊಳಗೆ ಈಜುವ ಹುಳುವಿನ ಮೈ ಕರಗಿ, ಕಾಲು, ರೆಕ್ಕೆ, ಸೂಜಿಯಂಥ ಬಾಯಿ ಎಲ್ಲ ಒಳಗೇ ತಯಾರಾಗಿರುತ್ತದೆ.

ಹೊರಬರುವುದನ್ನು ನೋಡಲು ಒಂದು ಬೆಳಿಗ್ಗೆ ಕಾದು ಕೂತಿದ್ದೆ. ಪ್ಯೂಪಾ ಮೇಲೆ ಬಂದು ಬಾಲವನ್ನು ನೇರ ಮಾಡಿಕೊಂಡಿತು. ಬೆನ್ನಿನ ಮೇಲೆ ಉದ್ದಕ್ಕೆ ಸೀಳು ಬಿಟ್ಟು, ಅದರಿಂದ ಸೊಳ್ಳೆ ನಿಧಾನವಾಗಿ ಮೇಲಕ್ಕೆ ಎದ್ದು ನಿಂತಿತು, ಯಾರೋ ಕೆಳಗಿಂದ ನೂಕಿದ ಹಾಗೆ. ಕಾಲು ಕಿತ್ತುಕೊಂಡು, ತನ್ನದೇ ಖಾಲಿ ಪೊರೆಯನ್ನು ದೋಣಿ ಮಾಡಿಕೊಂಡು ನೀರ ಮೇಲೆ ನಿಂತಿತು. ಸೊಳ್ಳೆಯ ಬದುಕಿನಲ್ಲಿ ಇದರಷ್ಟು ಅಪಾಯದ ಗಳಿಗೆ ಇನ್ನೊಂದಿಲ್ಲ ಅನ್ನಿಸುತ್ತದೆ, ಆಗ ಒಂದು ಸಣ್ಣ ಅಲೆ ಬಂದರೂ ಮಗುಚಿ ನೀರಲ್ಲಿ ಮುಳುಗುತ್ತದೆ. ಹರಿಯುವ ನೀರಲ್ಲಿ, ಅಲೆಯೇಳುವ ನೀರಲ್ಲಿ ಸೊಳ್ಳೆ ಹೆಚ್ಚಾಗಿ ಹುಟ್ಟದಿರುವುದಕ್ಕೆ ಇದೂ ಒಂದು ಕಾರಣ. ಮೊಟ್ಟೆ ಒಡೆದಂದಿನಿಂದ ಹಾರುವವರೆಗೆ ಬೆಚ್ಚಗಿನ ಹವೆಯಲ್ಲಿ ಏಳರಿಂದ ಹತ್ತು ದಿನ, ತಣ್ಣಗಿದ್ದರೆ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ನಿಂತ ನೀರು ಖಾಲಿ ಮಾಡಿ ಅನ್ನುತ್ತಾರಲ್ಲ, ಆ ವಾರದ ಲೆಕ್ಕ ಬಂದಿದ್ದು ಇಲ್ಲಿಂದ.

ಮೊದಲು ಹೊರಬಂದವೆಲ್ಲ ಗಂಡು. ಗುರುತಿಗೆ ಮೀಸೆ ನೋಡಿದರೆ ಸಾಕು. ಗಂಡಿನದು ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಪೊದೆ ಪೊದೆ, ಹೆಣ್ಣಿನದು ಬೋಳು ಬೋಳು. ಈ ಪೊದೆ ಅಲಂಕಾರಕ್ಕಲ್ಲ, ಅದು ಗಂಡಿನ ಕಿವಿ. ಹೆಣ್ಣಿನ ರೆಕ್ಕೆ ಸೆಕೆಂಡಿಗೆ ಸುಮಾರು 400ರಿಂದ 600 ಸಲ ಬಡಿಯುತ್ತದೆ, ನಮ್ಮ ನಿದ್ದೆ ಕೆಡಿಸುವ ಆ ಗುಂಯ್ ಸದ್ದು ಅದೇ. ನಮಗೆ ಕಿರಿಕಿರಿ, ಗಂಡು ಸೊಳ್ಳೆಗೆ ಅದೇ ಕರೆ. ಹೊರಬಂದ ಗಂಡು ಕೂಡಲೇ ಕೂಡಲು ಸಿದ್ಧವಿರುವುದಿಲ್ಲ, ಅದರ ಹಿಂಬದಿಯ ತುದಿ ಅರ್ಧ ಸುತ್ತು ತಿರುಗಿಕೊಳ್ಳಬೇಕು, ಅದಕ್ಕೆ ಒಂದು ದಿನದ ಹತ್ತಿರ ಹಿಡಿಯುತ್ತದೆ. ಮುಂಚೆ ಹುಟ್ಟಿದ್ದರ ಲಾಭ ಆಗ ಸಿಗುತ್ತದೆ, ಹೆಣ್ಣು ಬರುವಷ್ಟರಲ್ಲಿ ತಯಾರಾಗಿರುತ್ತದೆ. ಸಂಜೆ ಹೊತ್ತು ತಲೆಯ ಮೇಲೆ ಗುಂಪುಗುಂಪಾಗಿ ಸುತ್ತುವ ಸೊಳ್ಳೆಗಳನ್ನು ನೋಡಿದ್ದೀರಲ್ಲ? ಅವು ಹೆಚ್ಚಾಗಿ ಗಂಡುಗಳೇ. ಕಚ್ಚಲು ಬಂದವಲ್ಲ. ಹೆಣ್ಣಿಗೆ ಕಾಯಲು ಎದ್ದು ಕಾಣುವ ಒಂದು ಗುರುತು ಬೇಕು, ನಿಮ್ಮ ತಲೆ ಸಿಕ್ಕಿದೆ, ಅಷ್ಟೇ. ಹೆಣ್ಣು ಸಾಮಾನ್ಯವಾಗಿ ಒಂದೇ ಸಲ ಕೂಡಿ, ಆ ವೀರ್ಯವನ್ನು ಒಂದು ಪುಟ್ಟ ಚೀಲದಲ್ಲಿ ಇಟ್ಟುಕೊಂಡು ಸಾಯುವವರೆಗೂ ಬಳಸುತ್ತದೆ.

ಈಗ ಕಚ್ಚುವ ವಿಷಯ. ಗಂಡಾಗಲಿ ಹೆಣ್ಣಾಗಲಿ, ದಿನದ ಹಸಿವಿಗೆ ಕುಡಿಯುವುದು ಹೂವಿನ ಮಕರಂದ, ಗಿಡದ ಸಿಹಿ ರಸ. ಗಂಡು ಬದುಕಿಡೀ ಅದರಲ್ಲೇ ಕಳೆಯುತ್ತದೆ, ಚರ್ಮ ಚುಚ್ಚುವಂಥ ಬಾಯಿಯೇ ಅದಕ್ಕಿಲ್ಲ. ಹೆಣ್ಣಿಗೆ ಮಾತ್ರ ಮೊಟ್ಟೆ ಬೆಳೆಸಲು ಪ್ರೋಟೀನ್ ಬೇಕು, ಮಕರಂದದಲ್ಲಿ ಅದು ಸಾಲದು, ರಕ್ತದಲ್ಲಿ ಬೇಕಾದಷ್ಟಿದೆ. ಅಂದರೆ ನಿಮ್ಮನ್ನು ಕಚ್ಚಿದ್ದು ಬಸುರಿನ ಖರ್ಚಿಗೆ. ಪ್ರಪಂಚದಲ್ಲಿ 3,500ಕ್ಕೂ ಹೆಚ್ಚು ಜಾತಿಯ ಸೊಳ್ಳೆಗಳಿವೆ, ಅದರಲ್ಲಿ ಎಷ್ಟೋ ಜಾತಿಗಳು ನಮ್ಮ ತಂಟೆಗೇ ಬರುವುದಿಲ್ಲ. ಹಕ್ಕಿ, ಕಪ್ಪೆ, ದನಕರು, ಅವುಗಳ ಲೆಕ್ಕವೇ ಬೇರೆ.

ಕತ್ತಲಲ್ಲಿ ನಮ್ಮನ್ನು ಅದು ಹೇಗೆ ಹುಡುಕುತ್ತದೆ? ಮೊದಲ ಸುಳಿವು ಉಸಿರು. ನಾವು ಬಿಡುವ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಎಳೆ ಎಳೆಯಾಗಿ ಸಾಗುತ್ತದೆ, ಹತ್ತಾರು ಮೀಟರ್ ದೂರದಲ್ಲಿದ್ದರೂ ಹೆಣ್ಣು ಸೊಳ್ಳೆ ಆ ಎಳೆ ಹಿಡಿದು ಬರುತ್ತದೆ. ಉಸಿರಿನ ವಾಸನೆ ಸಿಕ್ಕ ಮೇಲೆ ಕಣ್ಣು ಚುರುಕಾಗುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದ ಹಾಗೆ, ಕಾರ್ಬನ್ ಡೈಆಕ್ಸೈಡ್ ಸೋಕಿದ ಈಡಿಸ್ ಸೊಳ್ಳೆ ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಕಡೆ ಹಾರುತ್ತದೆ, ಹಸಿರು ಮತ್ತು ಬಿಳಿಯನ್ನು ಕಂಡೂ ಕಾಣದ ಹಾಗೆ ಬಿಡುತ್ತದೆ. ನಮ್ಮ ಚರ್ಮ, ಯಾವ ಮೈಬಣ್ಣದ್ದೇ ಆಗಲಿ, ಅದರ ಕಣ್ಣಿಗೆ ಕೆಂಪು ಕಿತ್ತಳೆಯ ಕಡೆಗೇ ಕಾಣುತ್ತದೆ. ಇನ್ನೂ ಹತ್ತಿರ ಬಂದ ಮೇಲೆ ಮೈಯ ಬಿಸಿ, ಬೆವರಿನ ತೇವ, ಚರ್ಮದ ವಾಸನೆ. ಕಿವಿಯ ಹತ್ತಿರವೇ ಯಾಕೆ ಗುಂಯ್ ಅನ್ನುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಹೊದ್ದು ಮಲಗಿದವರ ಮೈಯಲ್ಲಿ ಹೊರಗಿರುವುದು ಮುಖ, ಉಸಿರು ಬರುವುದೂ ಅಲ್ಲಿಂದಲೇ. ಕಾಲಿನ ಹತ್ತಿರವೂ ಅದು ಹಾಡುತ್ತಲೇ ಇರುತ್ತದೆ, ಕೇಳಿಸಿಕೊಳ್ಳಲು ಅಲ್ಲಿ ಕಿವಿ ಇಲ್ಲ ಅಷ್ಟೇ.

"ನನ್ನ ರಕ್ತ ಸಿಹಿ, ಅದಕ್ಕೇ ನನ್ನನ್ನೇ ಕಚ್ಚುತ್ತದೆ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅರ್ಧ ನಿಜ. ಕೆಲವರನ್ನು ಜಾಸ್ತಿ ಕಚ್ಚುವುದು ಹೌದು, ಆದರೆ ರಕ್ತದ ರುಚಿ ನೋಡುವ ಮೊದಲೇ ಅದು ಆಯ್ಕೆ ಮಾಡಿಯಾಗಿರುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ 64 ಜನರ ಮುಂಗೈಗೆ ನೈಲಾನ್ ಸ್ಟಾಕಿಂಗ್ ತೊಡಿಸಿ, ಮೈವಾಸನೆ ಹಿಡಿದ ಆ ನೈಲಾನ್ ತುಂಡುಗಳನ್ನು ಜೋಡಿ ಜೋಡಿಯಾಗಿ ಸೊಳ್ಳೆಗಳ ಮುಂದಿಟ್ಟರು. 2022ರಲ್ಲಿ ಫಲಿತಾಂಶ ಹೊರಬಂತು. ಚರ್ಮದ ಜಿಡ್ಡಿನಲ್ಲಿರುವ ಕಾರ್ಬಾಕ್ಸಿಲಿಕ್ ಆಮ್ಲ ಅನ್ನುವ ರಾಸಾಯನಿಕಗಳು ಜಾಸ್ತಿ ಇದ್ದವರ ತುಂಡಿಗೇ ಸೊಳ್ಳೆಗಳು ಮುತ್ತಿದವು. ವರ್ಷಗಳು ಕಳೆದು ಮತ್ತೆ ಪರೀಕ್ಷಿಸಿದರೂ ಅದೇ ಜನ, ಅದೇ ಕಥೆ. ಊಟ ಬದಲಿಸಿ, ಸೋಪು ಬದಲಿಸಿ ಇದನ್ನು ದಾಟುತ್ತೇನೆ ಅಂದರೆ ಕಷ್ಟ.

ಒಂದು ಸಲ ಕೈಮೇಲೆ ಕೂತ ಸೊಳ್ಳೆಯನ್ನು ಹೊಡೆಯದೆ ಪೂರ್ತಿ ನೋಡಿದ್ದೇನೆ. ನೀವು ಮಾಡಬೇಕಾಗಿಲ್ಲ, ನಾನೇ ಹೇಳುತ್ತೇನೆ. ಮೊದಲು ಸೊಂಡಿಲಿನ ತುದಿಯಿಂದ ಅಲ್ಲಿ ಇಲ್ಲಿ ಮುಟ್ಟಿ ಜಾಗ ನೋಡಿತು. ಆಮೇಲೆ ಸೊಂಡಿಲು ಮಧ್ಯಕ್ಕೆ ಬಿಲ್ಲಿನ ಹಾಗೆ ಬಾಗಿತು. ನಾವು ಸೊಂಡಿಲು ಅನ್ನುವುದು ನಿಜವಾಗಿ ಒಂದು ಒರೆ, ಅದು ಒಳಗೆ ಹೋಗುವುದೇ ಇಲ್ಲ. ಒರೆಯೊಳಗೆ ಕೂದಲಿಗಿಂತ ತೆಳುವಾದ ಆರು ಸೂಜಿಗಳಿವೆ. ಎರಡು ಗರಗಸದಂಥವು, ಚರ್ಮ ಕೊಯ್ಯುತ್ತ ದಾರಿ ಮಾಡುತ್ತವೆ. ಎರಡು ಆ ದಾರಿಯನ್ನು ಅಗಲಿಸಿ ಹಿಡಿಯುತ್ತವೆ. ಒಂದರಿಂದ ಜೊಲ್ಲು ಇಳಿಯುತ್ತದೆ, ಇನ್ನೊಂದರಿಂದ ರಕ್ತ ಏರುತ್ತದೆ. ಒಳಗೆ ಹೋದ ಸೂಜಿ ನೆಟ್ಟಗೆ ನಿಲ್ಲುವುದಿಲ್ಲ, ರಕ್ತನಾಳ ಸಿಗುವವರೆಗೂ ಆ ಕಡೆ ಈ ಕಡೆ ಬಳುಕುತ್ತ ತಡಕುತ್ತದೆ. ನನಗೆ ಇದ್ಯಾವುದೂ ಗೊತ್ತಾಗಲಿಲ್ಲ. ಬೂದು ಹೊಟ್ಟೆ ಮೆಲ್ಲಗೆ ಉಬ್ಬಿ, ಬೆಳಕಿಗೆ ಹಿಡಿದ ಕೆಂಪು ಮಣಿಯ ಹಾಗೆ ಹೊಳೆಯತೊಡಗಿದ್ದು ಮಾತ್ರ ಕಂಡಿತು. ಎರಡು ಮೂರು ನಿಮಿಷದ ಕೆಲಸ. ಸೊಳ್ಳೆಯ ತೂಕವೇ ಎರಡು ಮಿಲಿಗ್ರಾಂ ಆಸುಪಾಸು, ಕುಡಿಯುವ ರಕ್ತ ಅದಕ್ಕಿಂತಲೂ ಜಾಸ್ತಿಯಾಗುವುದುಂಟು. ಎದ್ದಾಗ ಹಾರಲಾರದೆ ಹಾರಿತು. ಹಾಗೆ ಕುಡಿದ ಮೇಲೆ ಹೆಚ್ಚಿನವು ಹತ್ತಿರದ ಗೋಡೆಯಲ್ಲೋ ಮಂಚದ ಕೆಳಗೋ ಕೂತುಬಿಡುತ್ತವೆ. ಗೋಡೆಗೆ ಔಷಧ ಹೊಡೆಯುವವರು ಕಾಯುವುದು ಈ ಗಳಿಗೆಗೇ.

ತುರಿಕೆ ಬರುವುದು ಚುಚ್ಚಿದ್ದಕ್ಕಲ್ಲ, ಜೊಲ್ಲಿಗೆ. ರಕ್ತ ಹೆಪ್ಪುಗಟ್ಟದಿರಲಿ, ರಕ್ತನಾಳ ಕಿರಿದಾಗದಿರಲಿ ಅಂತ ಅದು ಜೊಲ್ಲಿನಲ್ಲಿ ಏನೇನೋ ಬೆರೆಸಿ ಬಿಡುತ್ತದೆ. ನಮ್ಮ ಮೈ ಅದನ್ನು ಹೊರಗಿನ ಮಾಲು ಅಂತ ಗುರುತಿಸಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತದೆ. ಊದಿದ ಸಣ್ಣ ದದ್ದು, ನವೆ, ಎಲ್ಲ ನಮ್ಮದೇ ಮೈಯ ಗಲಾಟೆ. ರೋಗ ಬರುವುದೂ ಈ ಜೊಲ್ಲಿನ ದಾರಿಯಲ್ಲೇ. ಹೀರಿದ ರಕ್ತವನ್ನು ಅದು ಇನ್ನೊಬ್ಬರ ಮೈಗೆ ಚುಚ್ಚುವುದಿಲ್ಲ, ಮೇಲೇರುವ ಕೊಳವೆಯೇ ಬೇರೆ, ಕೆಳಗಿಳಿಯುವ ಕೊಳವೆಯೇ ಬೇರೆ. ಎಚ್‌ಐವಿ ಸೊಳ್ಳೆಯಿಂದ ಹರಡುವುದಿಲ್ಲ. ಆ ವೈರಸ್ ಸೊಳ್ಳೆಯ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ, ಜೊಲ್ಲಿನವರೆಗೆ ತಲುಪುವುದೇ ಇಲ್ಲ.

ಡೆಂಗಿ ವೈರಸ್ ತಲುಪುತ್ತದೆ, ಆದರೆ ಟೈಮ್ ತಗೊಳ್ಳುತ್ತದೆ. ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು, ಗೋಡೆ ದಾಟಿ, ಜೊಲ್ಲಿನ ಗ್ರಂಥಿಗೆ ಬಂದು ಸೇರಲು 8ರಿಂದ 12 ದಿನ. ಮಲೇರಿಯಾದ ಪರಾವಲಂಬಿಗೂ ಹೆಚ್ಚೂಕಡಿಮೆ ಹತ್ತು ದಿನ ಬೇಕು, ತಂಪು ಹವೆಯಲ್ಲಿ ಇನ್ನೂ ಜಾಸ್ತಿ. ಹೆಣ್ಣು ಸೊಳ್ಳೆ ಬದುಕುವುದೇ ಎರಡರಿಂದ ನಾಲ್ಕು ವಾರ, ಎಷ್ಟೋ ಅದಕ್ಕೂ ಮುಂಚೆ ಹಲ್ಲಿ, ಜೇಡನ ಬಾಯಿಗೆ ಹೋಗುತ್ತವೆ. ಲೆಕ್ಕ ಹಾಕಿ ನೋಡಿ. ರೋಗ ತರುವ ಸೊಳ್ಳೆ ಅಂದರೆ ಮುದುಕಿ ಸೊಳ್ಳೆ. ಒಮ್ಮೆ ರೋಗಿಯನ್ನು ಕಚ್ಚಿ, ಹತ್ತು ದಿನ ಉಳಿದು, ಮತ್ತೊಬ್ಬರನ್ನು ಕಚ್ಚಲು ಬಂದಿರುವಂಥದ್ದು. ಸೊಳ್ಳೆಯ ಸಂಖ್ಯೆ ಇಳಿಯದಿದ್ದರೂ ಪರವಾಗಿಲ್ಲ, ಆಯಸ್ಸು ನಾಲ್ಕು ದಿನ ಕಡಿಮೆಯಾದರೂ ರೋಗ ಬಿದ್ದುಹೋಗುತ್ತದೆ. ಔಷಧ ಹಚ್ಚಿದ ಸೊಳ್ಳೆ ಪರದೆಗಳು ಮಲೇರಿಯಾದ ವಿರುದ್ಧ ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದು ದೊಡ್ಡ ಕಾರಣ. ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. 1902ರಲ್ಲಿ ಅವರಿಗೆ ನೊಬೆಲ್ ಬಂತು. ಇದಕ್ಕೂ ಮೊದಲೇ, 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದಾಗಲೇ, ನೀರು ನಿಲ್ಲದ ಹಾಗೆ ನೋಡಿಕೊಂಡರೆ ಸೊಳ್ಳೆ ಕಡಿಮೆಯಾಗುತ್ತದೆ ಅನ್ನುವುದು ಅವರಿಗೆ ಹೊಳೆದಿತ್ತು.

ಕಚ್ಚುವ ಹೊತ್ತೂ ಒಂದೊಂದರದು ಒಂದೊಂದು. ಅನಾಫಿಲಿಸ್, ಕ್ಯುಲೆಕ್ಸ್ ರಾತ್ರಿ ಪಾಳಿಯವು, ಪರದೆ ಕಟ್ಟಿದರೆ ತಪ್ಪಿಸಿಕೊಳ್ಳಬಹುದು. ಈಡಿಸ್ ಹಗಲಿನದು. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ, ಸಂಜೆ ಮುಳುಗುವ ಮುಂಚಿನ ಒಂದೆರಡು ಗಂಟೆ ಇದರ ಭರಾಟೆ. ಕಾಲು, ಮೈಮೇಲೆ ಬಿಳಿ ಪಟ್ಟೆ ಇರುತ್ತದೆ, ಹಿಂದಿನಿಂದ ಬಂದು ಕಣಕಾಲಿಗೆ ಕಚ್ಚುತ್ತದೆ, ನಾವು ಅಲುಗಿದರೆ ಎದ್ದು ಪಕ್ಕದವರ ಮೇಲೆ ಕೂರುತ್ತದೆ. ಒಂದು ಸಲದ ಮೊಟ್ಟೆಗೆ ಹೀಗೆ ಎರಡು ಮೂರು ಮಂದಿಯನ್ನು ಕಚ್ಚಿದರೆ ಒಂದೇ ಮನೆಯವರೆಲ್ಲ ಒಟ್ಟಿಗೆ ಡೆಂಗಿ ಬಂದು ಮಲಗುವುದರಲ್ಲಿ ಆಶ್ಚರ್ಯವಿಲ್ಲ. ಹಗಲು ಮಲಗುವ ಮಕ್ಕಳಿಗೂ ಪರದೆ ಕಟ್ಟಿ ಅನ್ನುವುದು ಈ ಸೊಳ್ಳೆಗಾಗಿ. ಫ್ಯಾನು ಜೋರಾಗಿ ಹಾಕುವುದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಸೊಳ್ಳೆ ಬಡ ಹಾರುಗ, ಗಂಟೆಗೆ ಎರಡು ಕಿಲೋಮೀಟರ್ ದಾಟುವುದೇ ಕಷ್ಟ, ಮೇಲಾಗಿ ನಮ್ಮ ಉಸಿರಿನ ಎಳೆಯೂ ಚದುರಿಹೋಗುತ್ತದೆ. ಡೀಟ್, ಪಿಕಾರಿಡಿನ್ ಇರುವ ಕ್ರೀಮು ಕೆಲಸ ಮಾಡುತ್ತವೆ. ನಮಗೆ ಕೇಳಿಸದ ಸದ್ದು ಮಾಡಿ ಸೊಳ್ಳೆ ಓಡಿಸುತ್ತೇನೆ ಅನ್ನುವ ಯಂತ್ರಗಳು ಮಾಡುವುದಿಲ್ಲ, ದುಡ್ಡು ದಂಡ. ನೀಲಿ ದೀಪದ ಡಬ್ಬಿಯಲ್ಲಿ ಸಾಯುವವು ಹೆಚ್ಚಾಗಿ ಪಾಪದ ಬೇರೆ ಹುಳಗಳು. ಹೊಗೆ ಹಾಕಿದರೆ ಆ ಹೊತ್ತಿಗೆ ಹಾರುತ್ತಿದ್ದವು ಸಾಯುತ್ತವೆ, ನೀರಲ್ಲಿರುವ ಮರಿಗಳಿಗೆ ಅದರ ಬಿಸಿ ತಟ್ಟುವುದಿಲ್ಲ, ನಾಲ್ಕು ದಿನಕ್ಕೆ ಹೊಸ ಬ್ಯಾಚು ತಯಾರು.

ರಕ್ತ ಕುಡಿದ ಎರಡು ಮೂರು ದಿನಕ್ಕೆ ಮೊಟ್ಟೆ ಬಲಿಯುತ್ತದೆ, ಹೆಣ್ಣು ಮತ್ತೆ ನೀರು ಹುಡುಕಿಕೊಂಡು ಹೊರಡುತ್ತದೆ. ಕ್ಯುಲೆಕ್ಸ್ ನೂರಾರು ಮೊಟ್ಟೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅಂಟಿಸಿ, ತೆಪ್ಪ ಮಾಡಿ ನೀರ ಮೇಲೆ ತೇಲಿಬಿಡುತ್ತದೆ. ಅನಾಫಿಲಿಸ್ ಒಂದೊಂದೇ ಬಿಡುತ್ತದೆ, ಮುಳುಗದಿರಲಿ ಅಂತ ಪ್ರತಿ ಮೊಟ್ಟೆಯ ಎರಡೂ ಪಕ್ಕ ಗಾಳಿ ತುಂಬಿದ ತೇಲುಗಳಿರುತ್ತವೆ. ಈಡಿಸ್ ನೀರಿಗೆ ಹಾಕುವುದೇ ಇಲ್ಲ. ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒದ್ದೆಯಾದ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ, ಅದೂ ಒಂದೇ ಕಡೆ ಅಲ್ಲ, ಇಲ್ಲಿಷ್ಟು, ಪಕ್ಕದ ಡಬ್ಬಿಯಲ್ಲಿ ಇನ್ನಷ್ಟು. ಹಾಕಿದಾಗ ಬೆಳ್ಳಗಿರುವ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ನೀರು ಆರಿದರೂ ಸಾಯುವುದಿಲ್ಲ, ಒಣಗಿಕೊಂಡೇ ತಿಂಗಳುಗಟ್ಟಲೆ ಕಾಯುತ್ತದೆ. ಯಾವತ್ತೋ ಒಂದು ದಿನ ನೀರು ಅಲ್ಲಿಯವರೆಗೆ ಏರಿದರೆ ಒಡೆಯುತ್ತದೆ. ಹಳೇ ಟೈರುಗಳ ಸಾಗಣೆಯ ಜೊತೆ ಈಡಿಸ್ ಜಾತಿಯ ಸೊಳ್ಳೆಗಳು ಸಮುದ್ರ ದಾಟಿ ಖಂಡದಿಂದ ಖಂಡಕ್ಕೆ ಹೋಗಿದ್ದು ಹೀಗೇ, ಒಣ ಮೊಟ್ಟೆಗಳಾಗಿ.

ಇದೆಲ್ಲ ತಿಳಿದುಕೊಂಡ ಮೇಲೆ ಬೋರಲು ಹಾಕಿದ್ದ ಆ ಬಕೆಟ್ಟಿನ ನೆನಪಾಯಿತು. ಎರಡು ತಿಂಗಳ ಹತ್ತಿರ ಆಗಿತ್ತು, ಒಳಗೆ ಕಡ್ಡಿಯಂತೆ ಒಣಗಿತ್ತು. ನೀರು ನಿಂತಿದ್ದ ಕಡೆ ಉಳಿದಿದ್ದ ಕಲೆಯ ಮೇಲೆ, ಸುತ್ತಲೂ, ಮಸಿ ಸಿಡಿದ ಹಾಗೆ ಕಪ್ಪು ಚುಕ್ಕಿಗಳು. ಬೆರಳಿನಿಂದ ಒರೆಸಿದರೆ ಹೋಗಲಿಲ್ಲ. ಅಂಚಿನವರೆಗೂ ನೀರು ತುಂಬಿಸಿ, ಹೊರಗಿನ ಸೊಳ್ಳೆ ನುಗ್ಗದ ಹಾಗೆ ಬಟ್ಟೆ ಬಿಗಿದು ಬಿಟ್ಟೆ. ಮೂರನೇ ದಿನ ಬಟ್ಟೆ ಸರಿಸಿ ಟಾರ್ಚು ಹಾಕಿದಾಗ, ದಾರದ ಎಳೆಯಷ್ಟು ತೆಳ್ಳಗಿನ ಮರಿಗಳು ಬೆಳಕಿಗೆ ಬೆದರಿ ಕೊಂಕುತ್ತ ತಳಕ್ಕೆ ಇಳಿದವು. ನೀರನ್ನು ಒಣ ಮಣ್ಣಿನ ಮೇಲೆ ಸುರಿದೆ. ಈ ಸಲ ತೆಂಗಿನ ನಾರು ತಗೊಂಡು ಬಕೆಟ್ಟಿನ ಒಳಗೋಡೆಯನ್ನು ಗಸಗಸ ಉಜ್ಜಿದೆ.